ಕವಾಟ ಮತ್ತು ಕೊಳವೆ

ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ (ಮುಂದೆ ಮಣಿಪಾಲದಲ್ಲಿ ಕುಲಪತಿಗಳಾದವರು) ನೇತೃತ್ವದಲ್ಲಿ ರೂಪುಗೊಂಡ ಕೃತಕ ಹೃದಯಕವಾಟ, ಮೂರು ಮಾದರಿಗಳು ಸೋತ ಮೇಲೆ, 1990ರಲ್ಲಿ ರೋಗಿಯ ಎದೆ ಸೇರಿತು. ಟಿಟಿಕೆ ಉದ್ಯಮ ಅದನ್ನು ಆಮದಿನ ಕವಾಟಕ್ಕಿಂತ ಬಹಳ ಅಗ್ಗಕ್ಕೆ ಒದಗಿಸಿತು. ಗಂಟಲುಬೇನೆಗೆ ಸಕಾಲದಲ್ಲಿ ಮದ್ದು ದೊರೆಯದೆ, ಸಂಧಿವಾತ ಜ್ವರ ತಗುಲಿ ಹೃದಯ ಕೆಟ್ಟ ಬಡವರಿಗೆ ಅದು ಆಸರೆಯಾಯಿತು. ವಿದ್ಯಾಲಯ–ಉದ್ಯಮಗಳ ನಂಟನ್ನು ಸಾರಾಸಗಟಾಗಿ ಹಳಿಯುವವರು (ನಾವೂ ಹಳಿದವರೇ) ಇದನ್ನು ನೆನೆಯಬೇಕು.

ಆದರೆ ರೈಲ್ವೆಯ ನೆರವಿನಿಂದ ಮದ್ರಾಸ್ ಐಐಟಿ 2025ರ ವೇಳೆಗೆ ಸಿದ್ಧಗೊಳಿಸಿದ 422 ಮೀಟರಿನ ಹೈಪರ್‌ಲೂಪ್ ಕೊಳವೆ ಬೇರೆ ಬಗೆಯದು. ಗಂಟೆಗೆ ನೂರಾರು ಮೈಲಿ ಓಡಬೇಕಾದ ವಾಹನಕ್ಕೆ ಕಡಿದಾದ ತಿರುವು ಒಗ್ಗದು; ಘಟ್ಟದಲ್ಲಿ ಅದರ ಅರ್ಥ ಸುರಂಗ. ಮಳೆಗಾಲದಲ್ಲಿ ಬಸ್ಸೇ ಬಾರದ ಹಳ್ಳಿಯ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸುವ ಸಂಶೋಧನೆಗೆ ಯಾವ ಉದ್ಯಮ ಹಣ ಹೂಡೀತು? ವಿದ್ಯಾರ್ಥಿಗಳೇ, ನಿಮ್ಮ ಸರ್ಕಾರಿ ವಿದ್ಯಾಲಯದ ಒಪ್ಪಂದಗಳನ್ನು ಮಾಹಿತಿ ಹಕ್ಕಿನಡಿ ಕೇಳಿ ಪಡೆಯಿರಿ.