ಕುದುರೆಗಳು ಅಷ್ಟೇ, ಓಟ ಬೇರೆ!

ಸಿನಿಮಾ ಪತ್ರಿಕೆಯಲ್ಲಿ ಕಾರಿನ ಪುರಾಣ ಯಾಕೆ ಅಂತ ಹುಬ್ಬೇರಿಸಬೇಡಿ ಮಿತ್ರರೇ. ತೆರೆಯ ಮೇಲೆ ನಾಯಕನ ಕಾರು ಕಿರ್ ಎಂದು ತಿರುಗಿದಾಗ ಶಿಳ್ಳೆ ಹಾಕುವವರು ನೀವೇ ತಾನೆ? ಹೊರಗೆ ಬಂದು ಚಹಾದಂಗಡಿಯಲ್ಲಿ "ಯಾವ ಗಾಡಿಗೆ ಎಷ್ಟು ಹಾರ್ಸ್ ಪವರ್" ಅಂತ ಜಗಳಕ್ಕೆ ನಿಲ್ಲುವವರೂ ನೀವೇ. ಆದರೆ ಲೆಕ್ಕ ಒಂದೇ ಇರುವ ಎರಡು ಗಾಡಿಗಳಲ್ಲಿ ಒಂದು ಹಾರುತ್ತೆ, ಇನ್ನೊಂದು ತೆವಳುತ್ತೆ. ಯಾಕೆ? ನನಗೆ ಈ ಪಾಠ ಆದದ್ದು ಉಳವಿ ದಾರಿಯಲ್ಲಿ.

1992ರ ಭಾರತ ಹುಣ್ಣಿಮೆ. ಉಳವಿ ಚನ್ನಬಸವಣ್ಣನ ಜಾತ್ರೆ. ಧಾರವಾಡ, ಬೆಳಗಾವಿ ಕಡೆಯಿಂದ ಸಾಲುಸಾಲು ಚಕ್ಕಡಿಗಳು ಕಾಡಿನ ದಾರಿ ಹಿಡಿದಿದ್ದವು. ನಾವು ದಾಂಡೇಲಿಯಿಂದ ಎರಡು ಕಾರಿನಲ್ಲಿ ಹೊರಟೆವು. ಒಂದು ಮಾರುತಿ 800, ಇನ್ನೊಂದು ಡೀಸೆಲ್ ಅಂಬಾಸಡರ್. ಓಡಿಸುವವರು ಇಬ್ಬರೂ ಅಣ್ಣತಮ್ಮಂದಿರ ಮಕ್ಕಳು, ಇಬ್ಬರೂ ಶಂಕರ್ ನಾಗ್ ಭಕ್ತರು. ಎರಡೂ ಕಾರಿನ ಗಾಜಿನ ಮೇಲೆ ಶಂಕ್ರಣ್ಣನ ಚಿತ್ರ. ನಾನು ಕೂತದ್ದು ಅಂಬಾಸಡರ್‌ನ ಮುಂದಿನ ಸೀಟಿನಲ್ಲಿ.

ಜೋಯಿಡಾ ದಾಟಿದ್ದೇ ತಡ, ಏರಿನಲ್ಲಿ ಮಾರುತಿ ಮಾಯ! ಕುಂಬಾರವಾಡದಲ್ಲಿ ನಾವು ಹೋಗಿ ಮುಟ್ಟುವಷ್ಟರಲ್ಲಿ ಅವರದು ಚಹಾ ಮುಗಿದಿತ್ತು. ನಮ್ಮ ಹುಡುಗನಿಗೆ ಮೈಯೆಲ್ಲಾ ಉರಿ.

"ನಿಂದೂ ಮೂವತ್ತೇಳು ಹಾರ್ಸ್ ಪವರ್, ನಂದೂ ಮೂವತ್ತೇಳು. ನೀ ಹೆಂಗ ಮುಂದ ಹೋದಿ?"

ಅವನು ಹೇಳಿದ್ದು ಸುಳ್ಳಲ್ಲ. ಎರಡರದೂ ಹೆಚ್ಚುಕಡಿಮೆ 37. ಜೊತೆಗೆ ಬಂದಿದ್ದ ಮೇಸ್ತ್ರಿ ಮಾಮಾ ಬೀಡಿ ಹಚ್ಚುತ್ತಾ ನಕ್ಕರು.

"ತಮ್ಮಾ, ಒಂದ ಜೋಡಿ ಎತ್ತು ಖಾಲಿ ಚಕ್ಕಡಿಗೆ ಹೂಡು. ಅವೇ ಎತ್ತು ಹಳಿಯಾಳದ ಕಬ್ಬು ಹೇರಿದ ಚಕ್ಕಡಿಗೆ ಹೂಡು. ಎತ್ತು ಬ್ಯಾರೆ ಆದವೇನು? ಹೇರು ಬ್ಯಾರೆ ಆತು."

ಅಷ್ಟೇ ಗುಟ್ಟು! ಮಾರುತಿಯ ತೂಕ 650 ಕಿಲೋ ಆಸುಪಾಸು, ಅಂಬಾಸಡರ್‌ನದು 1100 ದಾಟುತ್ತೆ. ಭಾಗಾಕಾರ ಮಾಡಿ ನೋಡಿ. ಮಾರುತಿಯ ಒಂದು ಕುದುರೆಯ ಬೆನ್ನಿಗೆ 18 ಕಿಲೋ, ಅಂಬಾಸಡರ್‌ನ ಕುದುರೆಗೆ 30. ಅದರ ಮೇಲೆ ಜಾತ್ರೆಯ ಬುತ್ತಿಗಂಟು, ದೊಡ್ಡಮ್ಮ, ಚಿಕ್ಕಮ್ಮ, ಮಕ್ಕಳುಮರಿ!

ಇನ್ನೊಂದು ಮಾತು. ಪುಸ್ತಕದಲ್ಲಿ ಬರೆದ ಹಾರ್ಸ್ ಪವರ್ ಯಾವಾಗಲೂ ಕೈಗೆ ಸಿಗೋದಿಲ್ಲ. ಮಾರುತಿಯ 37 ಪೂರ್ತಿ ಹೊರಬರುವುದು ಇಂಜಿನ್ನು ನಿಮಿಷಕ್ಕೆ 5000 ಸುತ್ತು ತಿರುಗಿದಾಗ. ಡೀಸೆಲ್ ಇಂಜಿನ್ನಿಗೆ ಅಷ್ಟು ಜೋರಾಗಿ ತಿರುಗುವ ಜಾಯಮಾನವಿಲ್ಲ. ಕಡಿಮೆ ಸುತ್ತಿನಲ್ಲೇ ಗಟ್ಟಿಯಾಗಿ ಎಳೆಯುವುದು ಅದರ ಗುಣ. ಆ ಎಳೆತಕ್ಕೇ ಟಾರ್ಕ್ ಅನ್ನುತ್ತಾರೆ. ಏರಿನಲ್ಲಿ ಗೇರ್ ಇಳಿಸದೆ ಆಕ್ಸಿಲರೇಟರ್ ಒತ್ತುತ್ತಾ ಕೂತರೆ ಇಂಜಿನ್ನಿನ ಸುತ್ತು ಬೀಳುತ್ತೆ, ಅರ್ಧ ಕುದುರೆಗಳು ಲಾಯದಲ್ಲೇ ನಿದ್ದೆ! ನಮ್ಮ ಹುಡುಗ ಮಾಡಿದ್ದೂ ಅದನ್ನೇ.

ಇಲ್ಲಿಗೆ ಮುಗಿದಿದ್ದರೆ ನಾನು ಈ ಅಂಕಣ ಬರೆಯುತ್ತಿರಲಿಲ್ಲ.

ದರ್ಶನ ಮುಗಿಸಿ ವಾಪಸು ಹೊರಟೆವು. ಈ ಸಲ ನಾವು ಮುಂದೆ. ಇಳಿಜಾರು ಬಂತು. ಸೋಫಾದಂಥ ಸೀಟು, ತೊಟ್ಟಿಲಿನಂಥ ತೂಗಾಟ, ತೂಕದ ಗಾಡಿ ತನ್ನಷ್ಟಕ್ಕೆ ತಾನೇ ಇಳಿಯುತ್ತಿತ್ತು. ಗಂಟೆಗೆ ನಲವತ್ತು ಇರಬಹುದು ಅಂದುಕೊಂಡು ನಾನು ಆಕಳಿಸುತ್ತಿದ್ದೆ. ಮುಳ್ಳಿನ ಕಡೆ ಕಣ್ಣು ಹೋದರೆ ಅರವತ್ತು! ಬಾಯಿ ತೆರೆಯುವಷ್ಟರಲ್ಲಿ ತಿರುವು, ತಿರುವಿನಾಚೆ ಚಕ್ಕಡಿ. ಎತ್ತಿನ ಕೊರಳ ಗೆಜ್ಜೆ, ಒಳಗೆ ಮಲಗಿದ್ದ ಮಕ್ಕಳು, ಎಲ್ಲ ಒಂದೇ ಸಲ ಕಣ್ಣಿಗೆ ಬಿದ್ದವು. ಬ್ರೇಕು ಕಿರುಚಿತು. ಗಾಡಿ ಜಾರಿ, ಚಕ್ಕಡಿಯ ಗಾಲಿಗೆ ಒಂದು ಗೇಣು ದೂರದಲ್ಲಿ ನಿಂತಿತು.

ಚಕ್ಕಡಿಯ ಮುದುಕ ಬೈಯಲಿಲ್ಲ. ಕೆಳಗಿಳಿದು ಎತ್ತಿನ ಮೈ ಸವರಿ, "ನಿಮಗ ಮಕ್ಕಳು ಮರಿ ಅದಾವಿಲ್ರೀ?" ಅಂದ. ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಅರವತ್ತು ನಮಗೆ ನಲವತ್ತರ ಹಾಗೆ ಯಾಕೆ ಕಂಡಿತು? ಇದು ಸಿನಿಮಾದವರಿಗೆ ಗೊತ್ತಿರುವ ಗುಟ್ಟು. ಚಿತ್ರ ತೆರೆಯ ಮೇಲೆ ಸೆಕೆಂಡಿಗೆ 24 ಫ್ರೇಮ್ ಓಡುತ್ತೆ. ಫೈಟಿಂಗ್ ಸೀನಿನಲ್ಲಿ ಕ್ಯಾಮೆರಾವನ್ನು 16 ಫ್ರೇಮಿಗೆ ಇಳಿಸಿ ತೆಗೆದರೆ, ನಲವತ್ತರಲ್ಲಿ ಓಡಿದ ಕಾರು ತೆರೆಯ ಮೇಲೆ ಅರವತ್ತಾಗುತ್ತೆ! ಕ್ಯಾಮೆರಾವನ್ನು ರಸ್ತೆಗೆ ಅಂಟಿದಂತೆ ಕೆಳಗಿಟ್ಟರೆ, ಪಕ್ಕದಲ್ಲೇ ಮರಗಳು ಸರ್ರನೆ ಸರಿದರೆ, ವೇಗ ಇನ್ನೂ ಹೆಚ್ಚಿದಂತೆ ಕಾಣುತ್ತೆ. ಮೋಸ ಹೋಗುವುದು ನಮ್ಮ ಕಣ್ಣು, ಕಿವಿ, ಬೆನ್ನು. ಮಾರುತಿಯಲ್ಲಿ ಸೀಟು ತಗ್ಗು, ಇಂಜಿನ್ನು ಅರಚುತ್ತೆ, ಮೈ ನಡುಗುತ್ತೆ. ಐವತ್ತಕ್ಕೇ ಎಂಬತ್ತರ ಖುಷಿ. ಅಂಬಾಸಡರ್‌ನಲ್ಲಿ ಕುಳಿತವನಿಗೆ ಅದೇ ಲೆಕ್ಕ ಉಲ್ಟಾ. ಈಗಿನ ದೊಡ್ಡ ಗಾಡಿಗಳು ಇನ್ನೂ ನಯ, ಎತ್ತರದ ಸೀಟು, ಮುಚ್ಚಿದ ಗಾಜು. ಎಲೆಕ್ಟ್ರಿಕ್ ಕಾರಿನಲ್ಲಂತೂ ಇಂಜಿನ್ನಿನ ಸದ್ದೇ ಇಲ್ಲ, ಒತ್ತಿದ ಕೂಡಲೇ ಪೂರ್ತಿ ಎಳೆತ. ನೂರು ದಾಟಿದ್ದು ಗೊತ್ತೇ ಆಗೋದಿಲ್ಲ.

ಮೈಗೆ ಮೋಸವಾಗಬಹುದು, ಬ್ರೇಕಿಗೆ ಆಗೋದಿಲ್ಲ. ವೇಗ ಒಂದೂವರೆ ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ಓಡುವ ದೂರ ಎರಡೂಕಾಲು ಪಟ್ಟು. ವೇಗ ಇಮ್ಮಡಿಯಾದರೆ ದೂರ ನಾಲ್ಕು ಪಟ್ಟು. ನಲವತ್ತು ಅಂದುಕೊಂಡು ಅರವತ್ತರಲ್ಲಿ ಹೋದವನಿಗೂ ಚಕ್ಕಡಿಗೂ ನಡುವೆ ಉಳಿಯುವುದು ಚನ್ನಬಸವಣ್ಣನ ಕೃಪೆ ಒಂದೇ.

ಆ ಹೊತ್ತು ನಮ್ಮ ಹುಡುಗ ಸ್ಟೇರಿಂಗ್ ಮೇಲೆ ತಲೆಯಿಟ್ಟು ಕೂತುಬಿಟ್ಟ. ಗಾಜಿನ ಮೇಲೆ ಶಂಕ್ರಣ್ಣ ನಗುತ್ತಿದ್ದ. 1980ರ 'ಆಟೋ ರಾಜ'ದಿಂದ ಚಾಲಕರ ಎದೆಯಲ್ಲಿ ಕೂತವನು. ನಮ್ಮ ಉತ್ತರ ಕನ್ನಡದ ಮಗ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ, ಅದೂ ರಸ್ತೆಯ ಮೇಲೆಯೇ, ಆತ ನಮ್ಮನ್ನು ಬಿಟ್ಟುಹೋಗಿ ಆಗಿನ್ನೂ ಒಂದೂವರೆ ವರ್ಷ ತುಂಬಿರಲಿಲ್ಲ.

"ಶಂಕ್ರಣ್ಣನ ಚಿತ್ರ ಹಚ್ಚಿಕೊಂಡು ಹಿಂಗ ಓಡಿಸಬಾರದಿತ್ತು" ಅಂದ ಹುಡುಗ. ಆಮೇಲೆ ದಾಂಡೇಲಿಯವರೆಗೆ ಮಾರುತಿಯನ್ನೇ ಮುಂದೆ ಬಿಟ್ಟ.

ಆದ್ದರಿಂದ ಮಿತ್ರರೇ, ಕುದುರೆ ಎಣಿಸಿ ಪಂದ್ಯ ಕಟ್ಟಬೇಡಿ. ಹೇರು ಎಷ್ಟು ಕೇಳಿ, ಗೇರ್ ಯಾವುದು ನೋಡಿ. ವೇಗದ ವಿಷಯ ಬಂದಾಗ ನಿಮ್ಮ ಬೆನ್ನನ್ನು ನಂಬಬೇಡಿ, ಮುಳ್ಳನ್ನು ನಂಬಿ. ಹದಿನಾರು ಫ್ರೇಮಿನ ಆಟ ತೆರೆಯ ಮೇಲೆ ಚೆಂದ. ಉಳವಿಯ ತಿರುವಿನಲ್ಲಿ ರೀಟೇಕ್ ಇಲ್ಲ!