ಅಮೆರಿಕದ ಬೇಹುಗಾರಿಕೆ ಮತ್ತು ಉತ್ತರದಾಯಿತ್ವದ ಎಲ್ಲೆ

1971ರ ಮಾರ್ಚ್ 8ರ ರಾತ್ರಿ ನ್ಯೂಯಾರ್ಕಿನಲ್ಲಿ ಮಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ನಡುವಣ ಮುಷ್ಟಿಕಾಳಗ ನಡೆದಿತ್ತು. ಅಮೆರಿಕದ ಜನ ರೇಡಿಯೋಗಳಿಗೆ ಕಿವಿಯೊಡ್ಡಿ ಕುಳಿತಿದ್ದ ಆ ಹೊತ್ತಿನಲ್ಲೇ ಪೆನ್ಸಿಲ್ವೇನಿಯಾ ರಾಜ್ಯದ ಮೀಡಿಯಾ ಎಂಬ ಚಿಕ್ಕ ಊರಿನಲ್ಲಿ ಎಫ್.ಬಿ.ಐ.ನ ಶಾಖಾ ಕಚೇರಿಯ ಬಾಗಿಲನ್ನು ಮೀಟಿ ಒಳಹೊಕ್ಕ ಕೆಲವರು, ಅಲ್ಲಿದ್ದ ಕಡತಗಳನ್ನು ಸೂಟ್‌ಕೇಸುಗಳಲ್ಲಿ ತುಂಬಿಕೊಂಡು ಕತ್ತಲಲ್ಲಿ ಮರೆಯಾದರು. ಕಾವಲಿನವರ ಗಮನವೂ ಕಾಳಗದ ಮೇಲಿರುತ್ತದೆಂಬ ಲೆಕ್ಕಾಚಾರದಿಂದಲೇ ಆ ರಾತ್ರಿಯನ್ನು ಆರಿಸಿಕೊಳ್ಳಲಾಗಿತ್ತು. ಕಳ್ಳರು ವೃತ್ತಿಯ ಕಳ್ಳರಲ್ಲ. ತಂಡದ ಸೂತ್ರಧಾರ ವಿಲಿಯಂ ಡೇವಿಡನ್ ಭೌತಶಾಸ್ತ್ರದ ಪ್ರಾಧ್ಯಾಪಕ. ಧರ್ಮಶಾಸ್ತ್ರ ಕಲಿಸುತ್ತಿದ್ದ ಜಾನ್ ರೇನ್ಸ್ ಮತ್ತು ಅವರ ಪತ್ನಿ ಬಾನಿ ಮೂರು ಎಳೆಯ ಮಕ್ಕಳ ತಂದೆತಾಯಿ. ತಾವು ಸೆರೆಮನೆಗೆ ಹೋಗಬೇಕಾಗಿ ಬಂದರೆ ಮಕ್ಕಳನ್ನು ಸಾಕಬೇಕೆಂದು ಜಾನ್ ತಮ್ಮ ಅಣ್ಣನಲ್ಲಿ ಮೊದಲೇ ಕೇಳಿಕೊಂಡಿದ್ದರು. ಸುಮಾರು ಇನ್ನೂರು ಅಧಿಕಾರಿಗಳು ಹುಡುಕಿದರೂ ಇವರಲ್ಲಿ ಯಾರೂ ಸಿಕ್ಕಿಬೀಳಲಿಲ್ಲ. ಅವರಲ್ಲಿ ಹೆಚ್ಚಿನವರ ಹೆಸರುಗಳು ಹೊರಜಗತ್ತಿಗೆ ತಿಳಿದದ್ದು ನಲವತ್ತಮೂರು ವರ್ಷಗಳ ತರುವಾಯ, 2014ರಲ್ಲಿ.

ಆ ಕಡತಗಳಲ್ಲಿ ಏನಿತ್ತು? ಯುದ್ಧವಿರೋಧಿಗಳನ್ನು ಮೇಲಿಂದ ಮೇಲೆ ವಿಚಾರಣೆಗೆ ಗುರಿಪಡಿಸಿ, ಪ್ರತಿಯೊಂದು ಅಂಚೆಪೆಟ್ಟಿಗೆಯ ಹಿಂದೆಯೂ ಒಬ್ಬ ಗೂಢಚಾರನಿದ್ದಾನೆಂಬ ಭೀತಿ ಅವರಲ್ಲಿ ನೆಲೆಸುವಂತೆ ಮಾಡಿರೆಂಬ ಸೂಚನೆಯಿತ್ತು. ಕಾಲೇಜೊಂದರ ಟೆಲಿಫೋನ್ ಆಪರೇಟರ್ ಸರ್ಕಾರದ ಬಾತ್ಮೀದಾರಳಾಗಿದ್ದಳೆಂಬ ದಾಖಲೆಯಿತ್ತು. ಇವುಗಳ ನಡುವೆ ಒಂದು ಚೀಟಿಯ ಮೇಲೆ ಅರ್ಥವಾಗದ ಒಂದು ಪದವೂ ಇತ್ತು: ಕಾಯಿಂಟೆಲ್‌ಪ್ರೋ. ಕಾರ್ಲ್ ಸ್ಟರ್ನ್ ಎಂಬ ಟೆಲಿವಿಷನ್ ವರದಿಗಾರ ಆ ಒಂದು ಪದದ ಬೆನ್ನುಹತ್ತಿ, ಮಾಹಿತಿ ಸ್ವಾತಂತ್ರ್ಯದ ಕಾಯಿದೆಯಡಿ ದಾವೆ ಹೂಡಿ, 1973ರ ಡಿಸೆಂಬರಿನಲ್ಲಿ ಕೆಲವು ಪುಟಗಳನ್ನು ಸರ್ಕಾರದ ಕೈಯಿಂದ ಹೊರತೆಗೆಸಿದ. 1956ರಿಂದ 1971ರವರೆಗೆ ಸಂಘಟನೆಗಳನ್ನು ಒಡೆಯುವ, ಮನುಷ್ಯರ ಮಾನ ಕಳೆಯುವ, ಗಂಡಹೆಂಡಿರ ನಡುವೆ ಅನಾಮಧೇಯ ಪತ್ರಗಳಿಂದ ಬೆಂಕಿ ಹಚ್ಚುವ ಕೆಲಸವನ್ನು ಒಂದು ಸರ್ಕಾರಿ ಇಲಾಖೆ ಸಂಬಳ ಕೊಟ್ಟು ಮಾಡಿಸುತ್ತಿತ್ತು. 1964ರಲ್ಲಿ, ನೊಬೆಲ್ ಪಾರಿತೋಷಕ ಸ್ವೀಕರಿಸಲು ಹೊರಡಲಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ, ಆತ್ಮಹತ್ಯೆಯೊಂದೇ ನಿನಗಿರುವ ದಾರಿ ಎಂದು ಧ್ವನಿಸುವ ಸಹಿಯಿಲ್ಲದ ಪತ್ರವೊಂದು ಇದೇ ಇಲಾಖೆಯಿಂದ ಹೋಗಿತ್ತು. ಅದರ ಮುಖ್ಯಸ್ಥ ಜೆ. ಎಡ್ಗರ್ ಹೂವರ್ 1924ರಿಂದ 1972ರಲ್ಲಿ ಸಾಯುವವರೆಗೆ, ಎಂಟು ಅಧ್ಯಕ್ಷರ ಕಾಲದುದ್ದಕ್ಕೂ, ಅದೇ ಕುರ್ಚಿಯಲ್ಲಿದ್ದ.

ಅಮೆರಿಕದ ಗೊಡವೆ ನಮಗೇಕೆ ಎಂದು ಕೇಳುವ ಓದುಗರಿರಬಹುದು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಕೊನೆಗೆ ಬರುತ್ತದೆ. ಕತೆ ಇನ್ನೂ ಮುಗಿದಿಲ್ಲ.

1974ರ ಡಿಸೆಂಬರ್ 22ರಂದು ಸೆಮೂರ್ ಹರ್ಶ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದ ವರದಿ, ಸಿ.ಐ.ಎ. ಸ್ವದೇಶದ ಪ್ರಜೆಗಳ ಮೇಲೆಯೇ ಬೇಹು ನಡೆಸಿದೆಯೆಂಬುದನ್ನು ಬಯಲು ಮಾಡಿತು. ಮರುತಿಂಗಳು, 1975ರ ಜನವರಿ 27ರಂದು, ಸೆನೆಟ್ 82ಕ್ಕೆ 4 ಮತಗಳಿಂದ ತನಿಖಾ ಸಮಿತಿಯೊಂದನ್ನು ನೇಮಿಸಿತು. ಐಡಹೋ ರಾಜ್ಯದ ಸೆನೆಟರ್ ಫ್ರಾಂಕ್ ಚರ್ಚ್ ಅದರ ಅಧ್ಯಕ್ಷ. ಈ ಸಮಿತಿ ಕಂಡುಹಿಡಿದ ಸಂಗತಿಗಳಲ್ಲಿ ವಿದೇಶೀ ನಾಯಕರ ಹತ್ಯೆಯ ಸಂಚುಗಳೇ ಹೆಚ್ಚು ಸುದ್ದಿ ಮಾಡಿದವು. ಆದರೆ ನನಗೆ ಅದಕ್ಕಿಂತ ಭಯಾನಕವಾಗಿ ಕಾಣುವುದು ಅಂಚೆ ಮತ್ತು ತಂತಿಯ ಕತೆ. 1953ರಿಂದ 1973ರವರೆಗೆ ಸಿ.ಐ.ಎ. ಎರಡು ಲಕ್ಷಕ್ಕೂ ಹೆಚ್ಚು ಖಾಸಗಿ ಪತ್ರಗಳನ್ನು ಒಡೆದು ಛಾಯಾಚಿತ್ರ ತೆಗೆದು, ಮತ್ತೆ ಅಂಟಿಸಿ ಕಳುಹಿಸಿತ್ತು. 1945ರಲ್ಲಿ ಮಹಾಯುದ್ಧ ಮುಗಿದಾಗಿನಿಂದ 1975ರವರೆಗೆ, ಅಂದರೆ ಪೂರ್ತಿ ಮೂವತ್ತು ವರ್ಷ, ಮೂರು ತಂತಿ ಕಂಪನಿಗಳು ತಮ್ಮಲ್ಲಿಗೆ ಬಂದ ಅಂತರರಾಷ್ಟ್ರೀಯ ತಂತಿಗಳನ್ನು ಸರ್ಕಾರದ ಕೈಗೆ ಸದ್ದಿಲ್ಲದೆ ಒಪ್ಪಿಸುತ್ತಿದ್ದವು. ಕೊನೆಯ ವರ್ಷಗಳಲ್ಲಿ ರಾಷ್ಟ್ರೀಯ ಭದ್ರತಾ ಸಂಸ್ಥೆಯ (ಎನ್.ಎಸ್.ಎ.) ನೌಕರರು ತಿಂಗಳಿಗೆ ಸುಮಾರು ಒಂದೂವರೆ ಲಕ್ಷ ತಂತಿಗಳನ್ನು ಪರಿಶೀಲಿಸುತ್ತಿದ್ದರು. ನ್ಯಾಯಾಲಯದ ವಾರಂಟು ಒಂದಕ್ಕೂ ಇರಲಿಲ್ಲ. ಊರು ಬಿಟ್ಟು ಬಂದು, ಇನ್‌ಲ್ಯಾಂಡ್ ಪತ್ರದ ಮೂರು ಮಡಿಕೆಗಳಲ್ಲೇ ದಶಕಗಳ ಕಾಲ ತಾಯಿತಂದೆಯರ ಸುಖದುಃಖ ಕೇಳಿಕೊಂಡ ನಮ್ಮಂಥವರಿಗೆ, ಒಡೆದು ಅಂಟಿಸಿದ ಪತ್ರ ಎಂದರೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎನ್.ಎಸ್.ಎ.ಗೆ ಒಂದು ಹೆಸರಿನ ಪಟ್ಟಿಯೂ ಇತ್ತು. ಅದರಲ್ಲಿದ್ದವರ ವಿದೇಶೀ ಕರೆಗಳನ್ನು ಆಲಿಸಲಾಗುತ್ತಿತ್ತು. ಆ ಪಟ್ಟಿಯ ಕೆಲವು ಹೆಸರುಗಳು ಅಧಿಕೃತವಾಗಿ ಹೊರಬಿದ್ದದ್ದು 2013ರಲ್ಲಿ. ಮಾರ್ಟಿನ್ ಲೂಥರ್ ಕಿಂಗ್ ಇದ್ದರು. ಮುಷ್ಟಿಕಾಳಗದ ಮಹಮ್ಮದ್ ಅಲಿ ಇದ್ದರು. ಸೆನೆಟರ್ ಫ್ರಾಂಕ್ ಚರ್ಚ್ ಅವರ ಹೆಸರೂ ಇತ್ತು. 1984ರಲ್ಲಿ ತೀರಿಕೊಂಡ ಚರ್ಚ್ ಅವರ ಕಾಲದಲ್ಲಿ ಇದು ಗುಟ್ಟಾಗಿಯೇ ಉಳಿದಿತ್ತು. ಅವರು 1975ರ ಆಗಸ್ಟಿನಲ್ಲಿ ಟೆಲಿವಿಷನ್ ಸಂದರ್ಶನವೊಂದರಲ್ಲಿ, ಹೊರಗಿನವರ ಮೇಲೆ ಕಣ್ಣಿಡಲು ಕಟ್ಟಿದ ಈ ಸಾಮರ್ಥ್ಯ ಯಾವ ಕ್ಷಣದಲ್ಲಾದರೂ ದೇಶದ ಜನರ ಕಡೆಗೇ ತಿರುಗಬಹುದು, ಆಗ ಅಡಗಲು ಜಾಗವೇ ಇರುವುದಿಲ್ಲ ಎಂಬರ್ಥದ ಎಚ್ಚರಿಕೆ ನೀಡಿದ್ದರು.

ಸಮಿತಿಯ ವರದಿಗಳು ಹಲವು ಸಂಪುಟಗಳಲ್ಲಿ ಅಚ್ಚಾಗಿ ಬಂದವು. ಯಾರು ಬೇಕಾದರೂ ಓದಬಹುದಿತ್ತು. ಎನ್.ಎಸ್.ಎ.ಯ ನಿರ್ದೇಶಕ ಮೊದಲ ಬಾರಿಗೆ ಬಹಿರಂಗ ವಿಚಾರಣೆಯಲ್ಲಿ ಕುಳಿತು ಉತ್ತರ ಕೊಡಬೇಕಾಯಿತು. ಎಫ್.ಬಿ.ಐ. ನಿರ್ದೇಶಕನ ಅವಧಿಯನ್ನು 1976ರಲ್ಲಿ ಹತ್ತು ವರ್ಷಕ್ಕೆ ಸೀಮಿತಗೊಳಿಸಲಾಯಿತು. ಸೆನೆಟಿನಲ್ಲೂ ಕೆಳಮನೆಯಲ್ಲೂ ಬೇಹುಗಾರಿಕೆಯ ಉಸ್ತುವಾರಿಗೆ ಸ್ಥಾಯೀ ಸಮಿತಿಗಳು ಹುಟ್ಟಿದವು. 1978ರಲ್ಲಿ ವಿಶೇಷ ಕಾಯಿದೆಯೂ, ಕದ್ದಾಲಿಕೆಗೆ ಅಪ್ಪಣೆ ನೀಡಲು ಒಂದು ವಿಶೇಷ ನ್ಯಾಯಾಲಯವೂ ಬಂದವು. ಪ್ರಜಾಪ್ರಭುತ್ವವೊಂದು ತನ್ನ ಹುಣ್ಣನ್ನು ತಾನೇ ಕೊಯ್ದುಕೊಂಡ ನಿದರ್ಶನವೆಂದು ಇದನ್ನು ರಾಜ್ಯಶಾಸ್ತ್ರದ ಪಠ್ಯಗಳು ಕೊಂಡಾಡುತ್ತವೆ. ಆ ಹೊಗಳಿಕೆಯಲ್ಲಿ ಅರ್ಧ ಸತ್ಯವಿದೆ.

ಉಳಿದರ್ಧವನ್ನು ನೋಡೋಣ. ಆ ವಿಶೇಷ ನ್ಯಾಯಾಲಯ ಗುಟ್ಟಾಗಿ ಸೇರುತ್ತದೆ. ಅಲ್ಲಿ ಸಾಮಾನ್ಯವಾಗಿ ವಾದಿಸುವುದು ಸರ್ಕಾರದ ವಕೀಲರೊಬ್ಬರೇ. 2013ರವರೆಗಿನ ಮೂವತ್ತೈದು ವರ್ಷಗಳಲ್ಲಿ ಅದು ಮೂವತ್ತು ಸಾವಿರಕ್ಕೂ ಹೆಚ್ಚು ಅರ್ಜಿಗಳಿಗೆ ಒಪ್ಪಿಗೆ ನೀಡಿತು, ಪೂರ್ತಿಯಾಗಿ ತಿರಸ್ಕರಿಸಿದ್ದು ಸುಮಾರು ಒಂದು ಡಜನ್. (ಎಷ್ಟೋ ಅರ್ಜಿಗಳನ್ನು ತಿದ್ದಿಸಿ ಒಪ್ಪಿತೆಂಬುದನ್ನೂ ಹೇಳುವುದು ನ್ಯಾಯ.) 2001ರ ಸೆಪ್ಟೆಂಬರ್ ದಾಳಿಯ ನಂತರ ಬಂದ ಪೇಟ್ರಿಯಟ್ ಕಾಯಿದೆಯನ್ನು ಸೆನೆಟಿನಲ್ಲಿ ವಿರೋಧಿಸಿ ಮತ ಹಾಕಿದವರು ರಸ್ ಫೈನ್‌ಗೋಲ್ಡ್ ಒಬ್ಬರೇ. ಅಷ್ಟು ಸಡಿಲವಾದ ಕಾಯಿದೆಯೂ ಸಾಲದೆ, ಜಾರ್ಜ್ ಬುಷ್ ಸರ್ಕಾರ ಆ ನ್ಯಾಯಾಲಯವನ್ನು ಬದಿಗಿಟ್ಟು ವಾರಂಟಿಲ್ಲದೆಯೇ ಕದ್ದಾಲಿಸಿತು. ಇದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಪ್ರಕಟವಾದದ್ದು 2005ರ ಡಿಸೆಂಬರಿನಲ್ಲಿ. ಸರ್ಕಾರದ ಕೋರಿಕೆಯ ಮೇರೆಗೆ ಪತ್ರಿಕೆ ಆ ವರದಿಯನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ತಡೆಹಿಡಿದಿತ್ತೆಂಬುದು ಪತ್ರಿಕೋದ್ಯಮಕ್ಕೆ ಭೂಷಣವಲ್ಲ. ಇದಕ್ಕೆ ಸಂಸತ್ತು ಕೊಟ್ಟ ಶಿಕ್ಷೆಯೇನು? 2008ರಲ್ಲಿ ಕಾಯಿದೆಯನ್ನು ತಿದ್ದಿ ಆ ಕೃತ್ಯದ ಬಹುಭಾಗವನ್ನು ಸಕ್ರಮಗೊಳಿಸಿತು, ಸಹಕರಿಸಿದ ದೂರವಾಣಿ ಕಂಪನಿಗಳಿಗೆ ದಾವೆಗಳಿಂದ ರಕ್ಷಣೆಯನ್ನೂ ನೀಡಿತು.

2013ರ ಮಾರ್ಚ್ 12ರಂದು ಸೆನೆಟರ್ ರಾನ್ ವೈಡನ್, ಕೋಟ್ಯಂತರ ಅಮೆರಿಕನ್ನರ ಮಾಹಿತಿಯನ್ನು ನೀವು ಸಂಗ್ರಹಿಸುತ್ತಿದ್ದೀರಾ ಎಂದು ಬೇಹುಗಾರಿಕೆಯ ಮುಖ್ಯಸ್ಥ ಜೇಮ್ಸ್ ಕ್ಲಾಪರ್ ಅವರನ್ನು ಬಹಿರಂಗವಾಗಿ ಕೇಳಿದರು. ಇಲ್ಲವೆಂಬ ಉತ್ತರ ಬಂತು. ಮೂರು ತಿಂಗಳೊಳಗೆ ಎಡ್ವರ್ಡ್ ಸ್ನೋಡನ್ ಹೊರಗೆಡವಿದ ದಾಖಲೆಗಳು ಆ ಉತ್ತರ ಸುಳ್ಳೆಂದು ತೋರಿಸಿದವು. 2015ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು, ಕರೆಗಳ ಮಾಹಿತಿಯನ್ನು ಸಾರಾಸಗಟಾಗಿ ಸಂಗ್ರಹಿಸಿದ್ದು ಕಾನೂನುಬಾಹಿರವೆಂದು ತೀರ್ಪಿತ್ತಿತು. ಕ್ಲಾಪರ್ ಮೇಲೆ ಮೊಕದ್ದಮೆ ಹೂಡಲಿಲ್ಲ. ಅವರು 2017ರ ಆರಂಭದವರೆಗೆ ಅಧಿಕಾರದಲ್ಲಿದ್ದು ನಿವೃತ್ತರಾದರು. ಸ್ನೋಡನ್ ರಷ್ಯಾದಲ್ಲಿ ಆಶ್ರಯ ಪಡೆದು 2022ರಲ್ಲಿ ಅಲ್ಲಿನ ಪೌರನಾದ. ಕಾನೂನು ಮುರಿದವರು ಮತ್ತು ಮುರಿದದ್ದನ್ನು ತೋರಿಸಿದವರು, ಇವರಿಬ್ಬರ ಗತಿಯನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಉತ್ತರದಾಯಿತ್ವದ ಲೆಕ್ಕ ಸ್ಪಷ್ಟವಾಗುತ್ತದೆ. ಹಳೆಯ ಕಾಲವೂ ಬಹಳ ಬೇರೆಯಾಗಿರಲಿಲ್ಲ. ಅಕ್ರಮ ಮನೆಶೋಧಗಳಿಗೆ ಅಪ್ಪಣೆ ಕೊಟ್ಟ ಎಫ್.ಬಿ.ಐ.ನ ಇಬ್ಬರು ಹಿರಿಯ ಅಧಿಕಾರಿಗಳು, ಮಾರ್ಕ್ ಫೆಲ್ಟ್ ಮತ್ತು ಎಡ್ವರ್ಡ್ ಮಿಲ್ಲರ್, 1980ರಲ್ಲಿ ತಪ್ಪಿತಸ್ಥರೆಂದು ಸಾಬೀತಾಗಿದ್ದರು. ಮರುವರ್ಷವೇ ಅಧ್ಯಕ್ಷ ರೇಗನ್ ಕ್ಷಮಾದಾನ ನೀಡಿದರು. ವಾಟರ್‌ಗೇಟ್ ಹಗರಣದಲ್ಲಿ ಪತ್ರಕರ್ತರಿಗೆ ಗುಟ್ಟಾಗಿ ಸುಳಿವು ಕೊಡುತ್ತಿದ್ದ ವ್ಯಕ್ತಿ ಇದೇ ಫೆಲ್ಟ್ ಎಂಬುದು 2005ರಲ್ಲಿ ತಿಳಿದುಬಂತು. ಮನುಷ್ಯಸ್ವಭಾವ ಸರಳರೇಖೆಯಲ್ಲಿ ಚಲಿಸುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಎಪ್ಪತ್ತರ ದಶಕದ ಕಟ್ಟಡದ ಇತರ ಕಂಬಗಳೂ ಅಲುಗಾಡಿವೆ. ಪ್ರತಿ ಇಲಾಖೆಯೊಳಗೆ ಸ್ವತಂತ್ರ ತನಿಖಾಧಿಕಾರಿಯನ್ನು ಇರಿಸಿದ ಕಾಯಿದೆ 1978ರದ್ದೇ. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಅಂತಹ ಹದಿನೈದಕ್ಕೂ ಹೆಚ್ಚು ಅಧಿಕಾರಿಗಳನ್ನು, ಕಾಯಿದೆ ವಿಧಿಸಿದ್ದ ಮೂವತ್ತು ದಿನಗಳ ಮುನ್ಸೂಚನೆಯನ್ನೂ ಸಂಸತ್ತಿಗೆ ಕೊಡದೆ, ಒಂದೇ ರಾತ್ರಿಯಲ್ಲಿ ವಜಾಮಾಡಿದರು. ಅದಕ್ಕೂ ಆರು ತಿಂಗಳು ಮೊದಲು, 2024ರ ಜುಲೈ 1ರಂದು, ಅಧ್ಯಕ್ಷನ ಅಧಿಕೃತ ಕೃತ್ಯಗಳಿಗೆ ಕ್ರಿಮಿನಲ್ ಮೊಕದ್ದಮೆಯಿಂದ ವ್ಯಾಪಕ ರಕ್ಷಣೆಯಿದೆಯೆಂದು ಸರ್ವೋಚ್ಚ ನ್ಯಾಯಾಲಯ ಘೋಷಿಸಿತ್ತು. ಇದನ್ನು ಒಂದು ಪಕ್ಷದ ಪಾಪವೆಂದು ಕೈತೊಳೆದುಕೊಳ್ಳುವಂತಿಲ್ಲ. ಸ್ನೋಡನ್ ತೋರಿಸಿದ ಕದ್ದಾಲಿಕೆ ನಡೆದದ್ದು ಬರಾಕ್ ಒಬಾಮಾ ಅವರ ಆಡಳಿತದಲ್ಲಿ. ಕಿಂಗ್ ಅವರ ದೂರವಾಣಿ ಆಲಿಸಲು 1963ರಲ್ಲಿ ಸಹಿ ಹಾಕಿದವರು ರಾಬರ್ಟ್ ಕೆನಡಿ.

ಈಗ, ನಮಗೇಕೆ ಎಂಬ ಪ್ರಶ್ನೆಗೆ ಬರೋಣ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬಗಳಲ್ಲಿ ಮಗನೋ ಮಗಳೋ ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇಲ್ಲದ ಮನೆಗಳು ಎಷ್ಟಿವೆ? 2008ರ ತಿದ್ದುಪಡಿಯ 702ನೆಯ ಕಲಮಿನ ಪ್ರಕಾರ, ಅಮೆರಿಕದ ಹೊರಗಿರುವ ಪರಕೀಯನೊಬ್ಬನನ್ನು ವಿದೇಶೀ ಬೇಹಿನ ಗುರಿಯಾಗಿ ಆರಿಸಲು ಅವನ ಹೆಸರಿನಲ್ಲಿ ವಾರಂಟು ಬೇಕಿಲ್ಲ. ಅಮೆರಿಕದ ಪೌರನಾದ ಮಗನನ್ನು ನೇರವಾಗಿ ಗುರಿಮಾಡುವಂತಿಲ್ಲ. ಆದರೆ ಪುಣೆಯಲ್ಲಿರುವ ತಂದೆಯನ್ನು ಗುರಿಮಾಡಿದರೆ ಅವರಿಬ್ಬರ ಮಾತುಕತೆ ತಾನಾಗಿ ಬಲೆಗೆ ಬೀಳುತ್ತದೆ. ಮಗನ ಹೆಸರಿನಿಂದ ಆ ಭಂಡಾರವನ್ನು ಶೋಧಿಸುವುದಕ್ಕಾದರೂ ವಾರಂಟು ಬೇಕೆಂಬ ತಿದ್ದುಪಡಿ 2024ರ ಏಪ್ರಿಲಿನಲ್ಲಿ ಕೆಳಮನೆಯ ಮುಂದೆ ಬಂದಾಗ 212-212 ಸಮಮತಗಳಿಂದ ಬಿದ್ದುಹೋಯಿತು. ಆ ಚರ್ಚೆ ನಡೆದದ್ದು ಮಗನ ಹಕ್ಕಿನ ಬಗ್ಗೆ. ತಂದೆಗೆ ಹಕ್ಕಿದೆಯೇ ಎಂಬುದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ಸ್ನೋಡನ್ ದಾಖಲೆಗಳ ಪ್ರಕಾರ 2013ರ ಮಾರ್ಚ್ ತಿಂಗಳೊಂದರಲ್ಲೇ ಭಾರತಕ್ಕೆ ಸಂಬಂಧಿಸಿದ 630 ಕೋಟಿ ಮಾಹಿತಿ ತುಣುಕುಗಳನ್ನು ಸಂಗ್ರಹಿಸಲಾಗಿತ್ತು. ಜಗತ್ತಿನಲ್ಲಿ ನಾವು ಐದನೆಯ ಸ್ಥಾನದಲ್ಲಿದ್ದೆವು. ಬ್ರೆಜಿಲಿನ ಅಧ್ಯಕ್ಷೆ ದಿಲ್ಮಾ ರೂಸೆಫ್ ತಮ್ಮ ಅಮೆರಿಕ ಪ್ರವಾಸವನ್ನೇ ಕೈಬಿಟ್ಟರು. ನಮ್ಮ ವಿದೇಶಾಂಗ ಮಂತ್ರಿ ಸಲ್ಮಾನ್ ಖುರ್ಷಿದ್, ಇದು ನಿಜವಾದ ಅರ್ಥದಲ್ಲಿ ಬೇಹುಗಾರಿಕೆಯಲ್ಲವೆಂದು ಸಮರ್ಥಿಸಿದರು.

ಪರದೇಶದ ಸರ್ಕಾರ ನಮಗೆ ಉತ್ತರ ಕೊಡಬೇಕೆಂದು ನಿರೀಕ್ಷಿಸುವುದು ಭೋಳೇತನವಿರಬಹುದು. ನಮ್ಮ ಸರ್ಕಾರವಾದರೂ ಕೊಡಬೇಕಲ್ಲ? 1986ರ ಅಂಚೆ ತಿದ್ದುಪಡಿ ಮಸೂದೆಗೆ ರಾಷ್ಟ್ರಪತಿ ಜೈಲ್ ಸಿಂಗ್ ಸಹಿ ಹಾಕದೆ ಇಟ್ಟುಕೊಂಡದ್ದು, 1988ರಲ್ಲಿ ದೂರವಾಣಿ ಕದ್ದಾಲಿಕೆಯ ವಿವಾದದಲ್ಲಿ ರಾಮಕೃಷ್ಣ ಹೆಗಡೆಯವರು ಕರ್ನಾಟಕದ ಮುಖ್ಯಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟದ್ದು ನಮ್ಮ ಹಿರಿಯ ಓದುಗರಿಗೆ ನೆನಪಿರಬೇಕು. ಈಗ ಅಂಥ ಸಂಕೋಚಗಳ ಕಾಲ ಮುಗಿದಂತಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ 2017ರಲ್ಲಿ ಸುಪ್ರೀಂ ಕೋರ್ಟು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆದರೂ 2023ರ ಅಂಚೆ ಕಾಯಿದೆಯಲ್ಲಿ ಪತ್ರ ತಡೆಹಿಡಿದು ಒಡೆಯುವ ಅಧಿಕಾರ ಸರ್ಕಾರದ ಕೈಯಲ್ಲೇ ಇದೆ. 1968ರಲ್ಲಿ ಹುಟ್ಟಿದ 'ರಾ' ಸಂಸ್ಥೆ ಸಂಸತ್ತಿನ ಕಾಯಿದೆಯಿಂದ ಹುಟ್ಟಿದ್ದಲ್ಲ. ಗುಪ್ತಚರ ದಳಗಳಿಗೆ ಕಾನೂನಿನ ಚೌಕಟ್ಟು ಬೇಕೆಂದು ಸಂಸದ ಮನೀಶ್ ತಿವಾರಿ 2011ರಲ್ಲಿ ಮಂಡಿಸಿದ ಖಾಸಗಿ ಮಸೂದೆ ಕಾಯಿದೆಯಾಗಲಿಲ್ಲ.

ಪೆಗಾಸಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಉಸ್ತುವಾರಿಯಲ್ಲಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಪರೀಕ್ಷಿಸಿದ 29 ಫೋನುಗಳ ಪೈಕಿ ಐದರಲ್ಲಿ ಯಾವುದೋ ಕುತಂತ್ರಾಂಶ ಪತ್ತೆಯಾಗಿದೆ, ಅದು ಪೆಗಾಸಸ್ಸೇ ಎನ್ನಲು ನಿರ್ಣಾಯಕ ಪುರಾವೆಯಿಲ್ಲ, ಕೇಂದ್ರ ಸರ್ಕಾರ ಸಮಿತಿಗೆ ಸಹಕರಿಸಲಿಲ್ಲ ಎಂಬಷ್ಟನ್ನು 2022ರ ಆಗಸ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿಗಳು ಓದಿ ಹೇಳಿದರು. ವರದಿಯನ್ನು ಮುಚ್ಚಿದ ಲಕೋಟೆಗೆ ಮರಳಿಸಲಾಯಿತು. ಚರ್ಚ್ ಸಮಿತಿ ಅಮೆರಿಕವನ್ನು ಶಾಶ್ವತವಾಗಿ ತಿದ್ದಲಿಲ್ಲ, ನಿಜ. ಆದರೆ ಅದು ಅಚ್ಚುಹಾಕಿಸಿದ ಪುಟಗಳು ಇಂದಿಗೂ ಯಾರ ಕೈಗಾದರೂ ಸಿಗುತ್ತವೆ. ಈ ಲೇಖನದ ಬಹುಪಾಲು ಸಂಗತಿಗಳು ಒಬ್ಬ ಹೊರನಾಡ ಕನ್ನಡಿಗನ ಮೇಜಿನ ಮೇಲೆ ಬಂದು ಕುಳಿತದ್ದು ಅದರಿಂದಲೇ. ಆ ಸೌಲಭ್ಯವನ್ನು ನಮ್ಮ ಸಂಸತ್ತಿನಿಂದಲೂ ಕೇಳಬೇಕಾಗಿದೆ: ಗುಪ್ತಚರ ದಳಗಳಿಗೊಂದು ಕಾಯಿದೆ, ಅವನ್ನು ಪ್ರಶ್ನಿಸುವ ಅಧಿಕಾರವುಳ್ಳ ಒಂದು ಸದನ ಸಮಿತಿ, ಮತ್ತು ಎಲ್ಲಕ್ಕಿಂತ ಮೊದಲು ಆ ಲಕೋಟೆ ತೆರೆಯುವುದು.