ಬೆನ್ನ ಹಿಂದಿನ ಕೂಗು

ಹಾಸನ ತಾಲ್ಲೂಕಿನ ಕಟ್ಟಾಯ ಒಂದು ಹೋಬಳಿ ಕೇಂದ್ರ. ಇಂತಹ ಊರುಗಳ ಶಾಲೆಯ ಮಕ್ಕಳಿಗೆ ಹೋಬಳಿ ಮಟ್ಟದ ಕ್ರೀಡಾಕೂಟವೆಂದರೆ ಹಬ್ಬವೇ ಸರಿ. ಸುಣ್ಣದ ಗೆರೆಗಳ ನಡುವೆ ಅಂದು ಹುಡುಗಿಯರೂ ಹುಡುಗರಷ್ಟೇ ಉತ್ಸಾಹದಿಂದ ಆಡುತ್ತಾರೆ. ಆದರೆ ಕೂಟ ಮುಗಿದ ಮರುದಿನ ಸಂಜೆ ಮೈದಾನದಲ್ಲಿ ಕಾಣುವವರು ಬಹುಮಟ್ಟಿಗೆ ಹುಡುಗರೇ. ಹುಡುಗಿಯರು ಎಲ್ಲಿಗೆ ಹೋದರು?

ಪ್ರೌಢಶಾಲೆಯ ಮೆಟ್ಟಿಲೇರಿದ ಮಗಳಿಗೆ “ಇನ್ನು ಆಟ ಸಾಕು” ಎನ್ನುವ ಮನೆಗಳು ಇಂದಿಗೂ ಕಡಮೆಯೇನಲ್ಲ. ಇದು ನಮ್ಮ ನಾಡಿನ ಮಾತು ಮಾತ್ರವಲ್ಲ. 2016ರ ಅಂಕಿಅಂಶಗಳನ್ನು ಆಧರಿಸಿದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಂತೆ, ಜಗತ್ತಿನ 11ರಿಂದ 17 ವರ್ಷದ ಹುಡುಗಿಯರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ದಿನವೊಂದಕ್ಕೆ ಅಗತ್ಯವಾದ ಒಂದು ಗಂಟೆಯ ದೈಹಿಕ ಚಟುವಟಿಕೆ ದೊರೆಯುತ್ತಿರಲಿಲ್ಲ. ಅಂಕಗಳ ಚಿಂತೆ, ರೂಪದ ಬಗೆಗಿನ ಸಂಕೋಚ, ಯಾರಿಗೂ ಹೇಳಲಾಗದ ಅಳುಕು ಇವೆಲ್ಲ ಮನಸ್ಸನ್ನು ಮುತ್ತುವ ವಯಸ್ಸಿನಲ್ಲೇ ಆಟ ಕೈತಪ್ಪುತ್ತದೆ!

ಒಬ್ಬಳೇ ಓಡಿದರೂ ಮೈ ಹಗುರವಾಗುತ್ತದೆ, ನಿಜ. ಆದರೆ ತಂಡದ ಆಟ ಕೊಡುವುದು ಬೇರೆಯೇ ಒಂದನ್ನು. ನಮ್ಮ ಶಾಲೆಗಳ ಖೋ-ಖೋ ಆಟವನ್ನೇ ನೋಡಿರಿ. ಎಂಟು ಮಂದಿ ಒಂದೇ ಸಾಲಿನಲ್ಲಿ, ಒಬ್ಬಳು ಅತ್ತ ಒಬ್ಬಳು ಇತ್ತ ಮುಖಮಾಡಿ ಕುಳಿತಿರುತ್ತಾರೆ. ಒಂಬತ್ತನೆಯವಳು ಎದುರಾಳಿಯನ್ನು ಅಟ್ಟುತ್ತಾಳೆ. ಕುಳಿತವಳು ತಾನಾಗಿ ಏಳುವಂತಿಲ್ಲ. ಗೆಳತಿ ಬೆನ್ನು ಮುಟ್ಟಿ “ಖೋ” ಎಂದ ಕ್ಷಣದಲ್ಲಿ ಅವಳು ಚಿಮ್ಮಬೇಕು, ದಣಿದವಳು ಅವಳ ಜಾಗದಲ್ಲಿ ಕುಳಿತು ಉಸಿರಾಡಬೇಕು. ದಣಿದಾಗ ಭಾರವನ್ನು ಇನ್ನೊಬ್ಬಳಿಗೆ ಒಪ್ಪಿಸುವುದು ಇಲ್ಲಿ ಸೋಲಲ್ಲ, ಆಟದ ನಿಯಮ. ‘ನಾನು ಯಾರಿಗೂ ಬೇಡವಾದವಳು’ ಎಂದು ಒಳಗೊಳಗೇ ಕೊರಗುವ ಹುಡುಗಿಗೆ ಬೆನ್ನ ಹಿಂದಿನ ಆ ಕೂಗಿಗಿಂತ ದೊಡ್ಡ ಸಮಾಧಾನ ಯಾವುದು?

2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪನ್ನು ಭಾರತದ ಮಹಿಳೆಯರು ನೇಪಾಳವನ್ನು ಮಣಿಸಿ ಗೆದ್ದರು. ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಆ ತಂಡದಲ್ಲಿದ್ದರು. ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿಯವರ ನಾಯಕತ್ವದಲ್ಲಿ ನಮ್ಮ ಮಹಿಳೆಯರು 2012ರಲ್ಲಿ ಕಬಡ್ಡಿಯ ವಿಶ್ವಕಪ್ಪನ್ನು ಪಡೆದಿದ್ದರು. ಇಬ್ಬರೂ ಹಳ್ಳಿಯ ಅಂಗಳದಿಂದ ಬಂದವರು. ಎಲ್ಲರೂ ಅಷ್ಟು ದೂರ ಹೋಗಲಾರರು, ಹೋಗಬೇಕಾದುದೂ ಇಲ್ಲ.

ತಂಡವೆಂಬುದೆಲ್ಲ ಒಳ್ಳೆಯದೇ ಎಂದು ನಾನು ಹೇಳಲಾರೆ. ಚುರುಕಿನವರನ್ನಷ್ಟೇ ಆಡಿಸಿ ಉಳಿದವರನ್ನು ನೀರು ತರಲು ನಿಲ್ಲಿಸುವ ತಂಡ, ತಪ್ಪಿದವಳನ್ನು ಹಂಗಿಸುವ ತಂಡ ಮನಸ್ಸಿಗೆ ಗಾಯವನ್ನೇ ಮಾಡೀತು. ಆಟವು ಔಷಧಿಯೂ ಅಲ್ಲ. ನಿದ್ದೆ, ಊಟ ಸೇರದೆ ವಾರಗಟ್ಟಲೆ ಮನಸ್ಸು ಕುಗ್ಗಿದ್ದರೆ ಹಿರಿಯರಿಗೆ ತಿಳಿಸಬೇಕು, ವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

“ಕತ್ತಲಾದ ಮೇಲೆ ಮಗಳು ಮನೆ ಸೇರುವುದು ಹೇಗೆ?” ಎಂದು ತಾಯಂದಿರು ಕೇಳುತ್ತಾರೆ. ಈ ಪ್ರಶ್ನೆ ನ್ಯಾಯವಾದುದು. ಇದಕ್ಕೆ ಉತ್ತರ ಹುಡುಗಿಯನ್ನು ಮನೆಯಲ್ಲಿ ಕೂರಿಸುವುದಲ್ಲ. ವೇಳಾಪಟ್ಟಿಯಲ್ಲಿರುವ ಆಟದ ಅವಧಿಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡದೆ, ಹಗಲಿನಲ್ಲಿಯೇ ಆ ಎಂಟು ಮಂದಿಯನ್ನು ಸಾಲಿನಲ್ಲಿ ಕೂರಿಸಲಿ.